ಹತ್ತನೆಯ ಸೊಪ್ಪು

ಅಂಜೂರದಂಗಳ, ಬರ್ಗಂಡಿ ಬೀದಿ,
ನ್ಯೂ ಆರ್ಲಿಯನ್ಸ್
೨ ಏಪ್ರಿಲ್ ೧೯೮೭, ಗುರುವಾರ

ನನ್ನ ಮುದ್ದು ಸೋದರಸೊಸೆ ಝೆಲಿ,

ಹೇಗಿದ್ದೀಯಮ್ಮಾ? ಶಿಕಾಗೋದಲ್ಲಿ ಏಪ್ರಿಲ್ ಬಂದರೂ ಹಿಮ ಬೀಳುತ್ತದಂತೆ, ನಿಜವೇ? ಕಿವಿಗೆ ಏನಾದರೂ ಸುತ್ತಿಕೊಳ್ಳುತ್ತೀಯೋ ಇಲ್ಲವೋ? ಚಿಕ್ಕವಳಿದ್ದಾಗ ನಿನಗೆ ಶೀತ ಮೊದಲು ಹಿಡಿಯುತ್ತಿದ್ದುದು ಕಿವಿಯನ್ನೇ. ಆ ಹೋಟೆಲಿನ ಅಡುಗೆಮನೆಯಲ್ಲಿ ನಿನಗೆ ಯಾವ ಕೆಲಸ ಕೊಟ್ಟಿದ್ದಾರೆ? ಬೇಯಿಸಿದ ಆಲೂಗಡ್ಡೆಯನ್ನು ಮತ್ತೆ ಬೇಯಿಸುವುದೇ? ಅಲ್ಲಿನವರು ಖಾರದ ಪುಡಿಯ ಡಬ್ಬಿ ಕಂಡರೆ ಡಾಕ್ಟರನ್ನು ಕರೆಯುತ್ತಾರೆಂದು ಕೇಳಿದ್ದೇನೆ. ನನ್ನ ಆರೋಗ್ಯದ ಬಗ್ಗೆ ಚಿಂತೆ ಬೇಡ, ಬಂಡೆಗಲ್ಲಿನ ಹಾಗಿದ್ದೇನೆ. ಹೋದ ತಿಂಗಳು ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ‘ಅನತೋಲ್, ಇದು ಅರವತ್ತೆಂಟರ ಎದೆಯಲ್ಲಯ್ಯ, ಮೂವತ್ತರದು’ ಎಂದು ಬೆರಗಾದರು. ನಿನ್ನ ತೋಲ್ ಮಾವನನ್ನು ನೋಡಿ ಬೆರಗಾಗದ ಡಾಕ್ಟರು ಈ ಊರಿನಲ್ಲಿಲ್ಲ.

ಈ ಕಾಗದವನ್ನು ಬೆಳಿಗ್ಗೆಯಿಂದ ಬರೆಯುತ್ತಿದ್ದೇನೆ. ಮೇಲಿನ ನಾಲ್ಕು ಸಾಲಿಗೆ ಏಳು ಸಲ ಎದ್ದೆ. ಒಮ್ಮೆ ಬಾಗಿಲ ತನಕ ಹೋಗಿ ಬಂದೆ, ಒಮ್ಮೆ ಬಾವಿಯೊಳಗೆ ಇಣುಕಿ ಬಂದೆ, ಉಳಿದ ಐದು ಸಲ ಯಾಕೆ ಎದ್ದೆನೋ ನೆನಪಿಲ್ಲ. ನಿನ್ನಮ್ಮ ಅಡುಗೆಮನೆಯಿಂದಲೇ ಕೂಗಿದಳು, ‘ಏನೋ ತೋಲ್, ಕಾಲಿಗೆ ಇರುವೆ ಹತ್ತಿದ್ಯೇನೋ? ಕೂತ್ಕೊಳೋ, ಇಲ್ಲಾ ಊರು ಬಿಟ್ಟು ಹೋಗೋ!’ ಬರೆಯುವುದೆಂದರೆ ನನಗೆ ಸಲೀಸಲ್ಲ ಎಂದು ನಿನಗೆ ಗೊತ್ತು. ಬಾಯೂ ಹೊಳೆಯ ದಂಡೆಯ ನಮ್ಮ ಹಳ್ಳಿಯಲ್ಲಿ ಇದ್ದುದು ಒಂದೇ ಕೋಣೆಯ ಶಾಲೆ, ಒಬ್ಬರೇ ಸಿಸ್ಟರ್ ಪೆಲಾಜಿ. ಅವರು ಹೇಳುತ್ತಿದ್ದರು, ‘ಬಾಯಲ್ಲಿ ಸುಳ್ಳು ಹೇಳಿದ್ರೆ ಪಾದ್ರಿಗಳು ಕ್ಷಮಿಸ್ತಾರೆ, ಬರೆದು ಸುಳ್ಳು ಹೇಳಿದ್ರೆ ನಾನು ಕ್ಷಮಿಸಲ್ಲ.’ ಕ್ಷಮಿಸದಿರುವುದೆಂದರೆ ಮರದ ಅಡಿಕೋಲು, ಬೆರಳ ಗೆಣ್ಣಿನ ಮೇಲೆ. ನಿನ್ನಮ್ಮ ಲಿಯೋಕಾಡಿ ಪಕ್ಕದ ಬೆಂಚಿನಲ್ಲಿ ಕೂತು ಎಲ್ಲವನ್ನೂ ನೋಡಿದ್ದಾಳೆ. ಅಂದಿನಿಂದ ನಾನು ಕಾಗದದ ಮೇಲೆ ಒಂದು ಸುಳ್ಳನ್ನೂ ಬರೆದವನಲ್ಲ. ಇದು ಮಾತ್ರ ಅವಳೂ ಒಪ್ಪುವ ಮಾತು.

ಸುದ್ದಿಗೆ ಬರುತ್ತೇನೆ. ಅಂಜೂರದ ಮರ ಚಿಗುರಿದೆ. ಮಾಡಿಯ ಮೊಗಸಾಲೆಯ ಕಬ್ಬಿಣದ ಕಟಾಂಜನಕ್ಕೆ ಹೊಸ ಹಸಿರು ಬಣ್ಣ ಹೊಡೆಸಿದ್ದೇವೆ, ಇನ್ನೂ ಕೈಗೆ ಅಂಟುತ್ತದೆ. ನಮ್ಮ ಊಟದಮನೆಗೆ ಮಧ್ಯಾಹ್ನ ಬಂದವರಿಗೆ ಬಾವಿಕಟ್ಟೆಯ ಬಳಿ ನಿಂತು ಕಥೆ ಹೇಳುವ ಕೆಲಸ ಈಗಲೂ ನನ್ನದೇ, ನಲವತ್ತೊಂದನೆಯ ವರ್ಷ. ನಿನ್ನ ಅಪ್ಪನ ಮುತ್ತಜ್ಜಿಯ ಮುತ್ತಜ್ಜಿ ಮದಾಮ್ ಯುಫ್ರೊಸಿನ್ ಸೇಂಟ್ ಡೊಮಿಂಗ್ ದ್ವೀಪದಿಂದ ಹಡಗಿನಲ್ಲಿ ಬಂದಿಳಿದಾಗ ಕೈಯಲ್ಲಿದ್ದುದು ಒಂದು ಮರದ ಸೌಟು ಮಾತ್ರ. ನಾನು ಹೇಳಲು ಶುರುಮಾಡಿದ ವರ್ಷ ಅದು ಮರದ್ದೇ ಆಗಿತ್ತು, ಈಗ ಬೆಳ್ಳಿಯದಾಗಿದೆ. ಬಾವಿಯೊಳಗೆ ಕಡಲ್ಗಳ್ಳನೊಬ್ಬ ಮೂರು ತಿಂಗಳು ಅಡಗಿದ್ದನ್ನು ಸೇರಿಸಿದವನೂ ನಾನೇ. ಮಾಡಿಯಲ್ಲಿ ಮದಾಮ್ ನಡೆದಾಡುವ ಸಪ್ಪಳ ಮಾತ್ರ ಎಲ್ಲರಿಗೂ ಕೇಳಿಸುತ್ತದೆ. ನೀರಿನ ಕೊಳವೆ ಬದಲಿಸಬೇಡವೆಂದು ನಿನ್ನಮ್ಮನಿಗೆ ಹೇಳಿದ್ದೇನೆ. ಆದರೆ ಒಂಬತ್ತು ಸೊಪ್ಪಿನ ಕಥೆಗೆ ನಾನು ಒಂದು ಅಕ್ಷರವನ್ನೂ ಸೇರಿಸಿಲ್ಲ. ಬಿರುಗಾಳಿ ಊರನ್ನು ಒರೆಸಿಹಾಕಿದ ವರ್ಷ, ಸಂತೆಯಲ್ಲಿ ಏನೂ ಇಲ್ಲದಾಗ, ಈ ಬೀದಿಯ ಎಂಟು ಹೆಂಗಸರು ಮಡಿಲಲ್ಲಿ ಒಂದೊಂದು ಹಿಡಿ ಸೊಪ್ಪು ತಂದು ಈ ಅಂಗಳಕ್ಕೆ ಬಂದರು. ಒಂಬತ್ತನೆಯ ಹಿಡಿ ಮದಾಮ್‌ದು. ಅಂದು ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರ. ಅಂದಿನಿಂದ ಪ್ರತಿ ವರ್ಷ ಆ ದಿನ ಒಂಬತ್ತು ಸೊಪ್ಪು ಒಂದೇ ಪಾತ್ರೆಯಲ್ಲಿ ಬೆಂದು ಗಂಬೋ ಎಂಬ ಗಟ್ಟಿ ಸಾರಾಗುತ್ತದೆ. ಈ ಕಥೆಯನ್ನು ಮೊನ್ನೆ ಟೆಕ್ಸಸ್ಸಿನಿಂದ ಬಂದವರಿಗೆ ಹೇಳಿದಾಗ ಹದಿನಾರು ಜನ ಅತ್ತರು.

ನಿನ್ನಮ್ಮ ಚೆನ್ನಾಗಿದ್ದಾಳೆ. ‘ಝೆಲಿ ಬರಲಿ, ಝೆಲಿ ಬರಲಿ’ ಎಂದು ದಿನಕ್ಕೆ ಹತ್ತು ಸಲ ಹೇಳುತ್ತಾಳೆ. ಆದರೆ ಈ ಉಪವಾಸದ ತಪಸ್ಸುಕಾಲದಲ್ಲಿ ಅವಳ ಮುಖ ನೋಡುವ ಹಾಗಿಲ್ಲ. ಇವತ್ತಿಗೆ ಎರಡು ವಾರಕ್ಕೆ ಸರಿಯಾಗಿ ಪವಿತ್ರ ಗುರುವಾರ. ಎಂದಿನಂತೆ ಊಟಕ್ಕೆ ಹೆಸರು ಬರೆಸಲು ಜನ ಫೋನ್ ಮಾಡುತ್ತಿದ್ದಾರೆ. ಅವಳು ಫೋನೆತ್ತಿ, ‘ಈ ಸಲ ಸೊಪ್ಪಿನ ಗಂಬೋ ಇಲ್ಲ’ ಎಂದಷ್ಟೇ ಹೇಳಿ ಇಡುತ್ತಿದ್ದಾಳೆ. ಇಲ್ಲವೆಂದರೆ ಇಲ್ಲ! ಬಿರುಗಾಳಿಯ ವರ್ಷವೂ ಇತ್ತು, ಹಳದಿಜ್ವರದ ವರ್ಷವೂ ಇತ್ತು, ನಿನ್ನಪ್ಪ ತೀರಿಹೋಗಿ ಹನ್ನೊಂದು ದಿನವಾಗಿದ್ದ ವರ್ಷವೂ ನಿನ್ನಜ್ಜಿ ಕಣ್ಣೊರೆಸಿಕೊಳ್ಳುತ್ತ ಆ ಪಾತ್ರೆ ಇಟ್ಟಿದ್ದಳು. ಈಗ ಇಲ್ಲವಂತೆ. ನಾನು ಜಗಳಕ್ಕೆ ನಿಂತೆ. ಅವಳು ತಿರುಗಿಯೂ ನೋಡದೆ, ‘ಎಣಿಸೋಳು ಇಲ್ದೆ ಎಣಿಕೆ ಪಾತ್ರೆ ಯಾಕೋ? ನೀನು ಎಣಿಸ್ತೀಯಾ? ನಿನ್ನ ಬಾಯಲ್ಲಿ ಒಂಬತ್ತು ಅನ್ನೋದು ಸಂಜೆ ಹೊತ್ತಿಗೆ ತೊಂಬತ್ತಾಗಿರತ್ತೆ’ ಎಂದಳು.

ಹೋದ ವರ್ಷದ್ದನ್ನು ನಾನು ಬರೆಯಬಾರದೆಂದುಕೊಂಡಿದ್ದೆ, ಆದರೆ ಕೈ ಅಲ್ಲಿಗೇ ಹೋಗುತ್ತದೆ. ನಿನ್ನಜ್ಜಿ ಹೋದ ಮೇಲೆ ಎಣಿಕೆ ನಿನ್ನ ಕೈಗೆ ಬಂದ ಮೊದಲ ವರ್ಷ ಅದು. ಬೆಳಗಿನ ಜಾವಕ್ಕೇ ಎದ್ದು ಕಲ್ಲುತೊಟ್ಟಿಯಲ್ಲಿ ಒಂದೊಂದು ಸೊಪ್ಪನ್ನೂ ಮೂರು ನೀರಿನಲ್ಲಿ ತೊಳೆದೆ. ಒಂದೊಂದರಿಂದಲೂ ಒಂದೊಂದು ಎಲೆ ತೆಗೆದು, ಬಾವಿಕಟ್ಟೆಯ ಮೇಲಿನ ನೀಲಿ ತಟ್ಟೆಯಲ್ಲಿ ಮದುವೆಗೆ ಅಣಿಮಾಡಿದ ಹಾಗೆ ಜೋಡಿಸಿದೆ: ಸಾಸಿವೆ ಸೊಪ್ಪು, ಪಾಲಕ್, ಬೀಟ್ರೂಟ್ ಸೊಪ್ಪು, ಎಲೆಕೋಸು, ಹೀಗೆ ಒಂಬತ್ತು. ಬಂದವರೆಲ್ಲ ತಟ್ಟೆ ನೋಡಿಯೇ ಕೂರಬೇಕು. ಬೆಸವಾದರೆ ಪ್ರತಿ ಎಲೆಗೂ ಒಬ್ಬ ಹೊಸ ಗೆಳೆಯ ಸಿಗುತ್ತಾನೆ, ಸಮವಾದರೆ ವರ್ಷದೊಳಗೆ ಮನೆಯಿಂದ ಒಬ್ಬರು ಹೊರಟುಹೋಗುತ್ತಾರೆ ಎಂಬುದು ಈ ಮನೆಯ ನಂಬಿಕೆ. ನೀನು ಎರಡು ಸಲ ಎಣಿಸಿದ್ದನ್ನು ಅಂಜೂರದ ಕೆಳಗೆ ನಿಂತು ನಾನೇ ನೋಡಿದೆ. ಮೂರನೆಯ ಸಲ ನನ್ನ ಕಡೆ ತಿರುಗಿ, ‘ಮಾವ, ಸರಿಯಾಗಿದೆ ಅಲ್ವಾ?’ ಎಂದು ಕೇಳಿದೆ. ಆ ದನಿ ಇನ್ನೂ ಕಿವಿಯಲ್ಲಿದೆ.

ಆಮೇಲೆ ಆದದ್ದು ನಿನಗೆ ಗೊತ್ತು. ಅಂಗಳ ತುಂಬಾ ಜನ. ನಿನ್ನಮ್ಮ ಮೊದಲ ಸೌಟು ಎತ್ತಿದಳು. ಕಡು ಹಸಿರು ಗಂಬೋದಿಂದ, ಹೆಚ್ಚದೇ ಇದ್ದ ಒಂದು ಉದ್ದ ದಂಟು ಸೌಟಿನ ಅಂಚಿಗೆ ಜೋತುಬಿತ್ತು. ಒರಟು ಎಲೆ, ನುಣ್ಣಗೆ ಬೇಯದ ಬುಡ. ಮೂಲಂಗಿ ಸೊಪ್ಪು. ತಟ್ಟೆಯಲ್ಲಿಲ್ಲದ ಹತ್ತನೆಯದು. ಅವಳು ದನಿ ಏರಿಸಲಿಲ್ಲ, ಏರಿಸಿದ್ದರೆ ಚೆನ್ನಾಗಿತ್ತು. ‘ತಟ್ಟೇಲಿ ಒಂಬತ್ತು, ಪಾತ್ರೇಲಿ ಹತ್ತು. ನಿನಗೆ ಎಣಿಸೋಕೆ ಬರಲ್ವೋ, ಮುಚ್ಚಿಡೋಕೆ ಬರತ್ತೋ?’ ಎಂದಳು. ನೀನು, ‘ನಾನು ಹಾಕಿಲ್ಲಮ್ಮ’ ಎಂದೆ. ಅವಳು ದಂಟನ್ನು ಎತ್ತಿ ಹಿಡಿದು, ‘ಹಂಗಾದ್ರೆ ಇದು ತಾನಾಗೇ ನಡ್ಕೊಂಡು ಬಂತಾ?’ ಎಂದಳು. ನೀನು ಏಪ್ರನ್ ಬಿಚ್ಚಿ ಅಂಜೂರದ ಕೊಂಬೆಗೆ ಎಸೆದು, ‘ನಿನಗೆ ಸೊಪ್ಪಿನ ಮೇಲಿರೋ ನಂಬಿಕೆ ಮಗಳ ಮೇಲಿಲ್ಲ’ ಎಂದೆ. ಮರುದಿನ ಶುಭ ಶುಕ್ರವಾರ, ಎಲ್ಲರೂ ಇಗರ್ಜಿಯಲ್ಲಿದ್ದಾಗ ರೈಲು ಹತ್ತಿದೆ. ಹತ್ತನೆಯ ಎಲೆ ಸೇರಿದ್ದಕ್ಕೆ ಮನೆಯಿಂದ ಒಬ್ಬರು ಹೋದರು ಎಂದು ಬೀದಿಯವರೆಲ್ಲ ತಲೆಯಾಡಿಸಿದರು. ನಿನ್ನ ಮಾವ ಸುಮ್ಮನಿರುತ್ತಾನೆಯೇ? ಆ ಭಾನುವಾರದಿಂದಲೇ ಹೊಸ ಕಥೆ ಶುರುಮಾಡಿದೆ. ಮದಾಮ್ ಯುಫ್ರೊಸಿನ್ ಮಾಡಿಯಿಂದ ಇಳಿದು ಬಂದು, ಯಾರಿಗೂ ಕಾಣದ ಹಾಗೆ, ತನ್ನ ಹಿಡಿ ಸೊಪ್ಪನ್ನು ಹಾಕಿ ಹೋದಳೆಂದು. ಜನಕ್ಕೆ ಬಹಳ ಹಿಡಿಸಿದೆ. ಈಗ ಬಂದವರು ಮೂಲಂಗಿ ಎಲೆಯ ಜೊತೆ ಫೋಟೋ ಬೇಕೆನ್ನುತ್ತಾರೆ.

ನೋಡು, ಮತ್ತೆ ಎದ್ದು ಹೋಗಿ ಬಂದೆ. ಈ ಸಲ ಒಲೆಯ ತನಕ. ನಿನ್ನಮ್ಮ ರೂ ಕಲಕುತ್ತಿದ್ದಳು. ಹಿಟ್ಟು ಕೊಬ್ಬಿನಲ್ಲಿ ಕಂದಾಗುವ ತನಕ ಕೈ ಬಿಡದೆ, ಕಾಲು ಕದಲಿಸದೆ ನಿಲ್ಲಬೇಕು. ಅದಕ್ಕೇ ನಲವತ್ತೊಂದು ವರ್ಷದಲ್ಲಿ ಒಂದು ದಿನವೂ ನನ್ನ ಕೈಗೆ ಆ ಸೌಟು ಕೊಟ್ಟಿಲ್ಲ. ನಿನ್ನಜ್ಜಿಯೂ ಕೊಡಲಿಲ್ಲ. ‘ತೋಲ್, ನೀನು ಪಾತ್ರೆ ಬಗ್ಗೆ ಮಾತಾಡು ಸಾಕು, ಮುಟ್ಟಬೇಡ’ ಎನ್ನುತ್ತಿದ್ದಳು. ನಿನ್ನಮ್ಮ ಈ ಮನೆಗೆ ಸೊಸೆಯಾಗಿ ಬಂದು ಈ ಮನೆಯವಳಾದಳು, ನೀನು ಹುಟ್ಟಿನಿಂದಲೇ ಈ ಮನೆಯವಳು. ನಾನು ತಂಗಿಯ ಹಿಂದೆ ಗಂಟುಮೂಟೆಯೊಡನೆ ಬಂದು ಬಾವಿಕಟ್ಟೆಯ ಬಳಿ ನಿಂತವನು, ಇನ್ನೂ ಅಲ್ಲೇ ನಿಂತಿದ್ದೇನೆ. ಇದನ್ನು ಬೇಸರದಿಂದ ಬರೆಯುತ್ತಿಲ್ಲ. ನಿಂತದ್ದಕ್ಕೇ ಅಲ್ಲವೇ ಇಷ್ಟು ಕಥೆ ಹುಟ್ಟಿದ್ದು? ಆದರೆ ಈ ವರ್ಷ ತಟ್ಟೆಯೇ ಇಲ್ಲದ ಬಾವಿಕಟ್ಟೆಯ ಬಳಿ ನಿಂತು ನಾನು ಏನು ಹೇಳಲಿ? ಊಟಕ್ಕೆ ಬಂದವರಿಗೆ ಏನನ್ನು ತೋರಿಸಲಿ?

ಸಾಕು. ಬಿಡುವು ಸಿಕ್ಕರೆ ಬಾ. ಹೋಟೆಲಿನವರು ರಜೆ ಕೊಡದಿದ್ದರೆ ನಿನ್ನ ಮಾವ ಸಾಯುತ್ತಿದ್ದಾನೆಂದು ಹೇಳು, ನನ್ನದೇನೂ ಅಡ್ಡಿಯಿಲ್ಲ. ನಿನ್ನ ರೂ ಎಂದೂ ತಳಹಿಡಿಯದಿರಲಿ, ನಿನ್ನ ಅನ್ನ ಎಂದೂ ಮುದ್ದೆಯಾಗದಿರಲಿ, ಆ ಊರಿನ ಗಾಳಿ ನಿನ್ನ ಕಿವಿಯನ್ನು ಬಿಟ್ಟು ಬೇರೆಯವರದನ್ನು ಹುಡುಕಿಕೊಳ್ಳಲಿ. ಅಂಜೂರದ ಮರವೂ, ಕೊಳವೆಯೊಳಗಿನ ಮದಾಮ್ ಕೂಡ ನಿನ್ನನ್ನು ಕೇಳಿದರೆಂದು ತಿಳಿ.

ನಿನ್ನ ಸೋದರಮಾವ,
ಅನತೋಲ್

ಮತ್ತೆ: ಲಕೋಟೆಗೆ ಅಂಟು ಹಚ್ಚುವ ಮೊದಲು ಇನ್ನೊಮ್ಮೆ ಓದಿದೆ. ಸಿಸ್ಟರ್ ಪೆಲಾಜಿಯ ಅಡಿಕೋಲು ನೆನಪಾಯಿತು. ಕಾಗದದಲ್ಲಿ ಸುಳ್ಳು ಬರೆದವನಲ್ಲ ಎಂದು ಬರೆದು, ಅದೇ ಕಾಗದದಲ್ಲಿ ಬಾಯಿಯ ಚಾಳಿ ಕೈಗೂ ಬಂದಿದೆ. ಹೊಡೆದುಹಾಕಿದರೆ ಗಲೀಜಾಗುತ್ತದೆ, ಇಲ್ಲೇ ತಿದ್ದುತ್ತೇನೆ. ಡಾಕ್ಟರು ಹೇಳಿದ್ದು, ‘ಒಂದು ನಿಮಿಷ ಸುಮ್ನೆ ಕೂತ್ಕೊಳಯ್ಯ, ಎದೆ ಬಡಿತ ಕೇಳಿಸ್ತಾ ಇಲ್ಲ’ ಎಂದು ಮಾತ್ರ. ಟೆಕ್ಸಸ್ಸಿನವರಲ್ಲಿ ಅತ್ತದ್ದು ಇಬ್ಬರು, ಅದರಲ್ಲೊಬ್ಬಳು ಈರುಳ್ಳಿ ಹೆಚ್ಚುವಲ್ಲಿ ಕೂತಿದ್ದಳು. ನಿನ್ನಮ್ಮ ‘ಝೆಲಿ ಬರಲಿ’ ಎಂದು ಒಂದು ಸಲವೂ ಹೇಳಿಲ್ಲ. ಆದರೆ ಪ್ರತಿ ಸೋಮವಾರ, ಕೆಂಪು ಬೀನ್ಸ್ ಕಾಳನ್ನು ಸಣ್ಣ ಉರಿಗೆ ಬಿಟ್ಟು ಬಟ್ಟೆ ಒಗೆಯುವ ದಿನ, ಯಾರೂ ತೊಡದ ನಿನ್ನ ಏಪ್ರನ್ನನ್ನು ಒಗೆದು, ಇಸ್ತ್ರಿ ಮಾಡಿ, ಅಡುಗೆಮನೆಯ ನಿನ್ನ ಮೊಳೆಗೇ ತೂಗುಹಾಕುತ್ತಾಳೆ. ಇದು ಕಣ್ಣಾರೆ ಕಂಡದ್ದು.

ಇನ್ನೊಂದಿದೆ. ಮೂಲಂಗಿ ಸೊಪ್ಪು ಹಾಕಿದವನು ನಾನು. ನೀನು ಒಂಬತ್ತನ್ನು ಸರಿಯಾಗಿಯೇ ಎಣಿಸಿದ್ದೆ. ಬಾಯೂ ದಂಡೆಯಲ್ಲಿ ನಮ್ಮಮ್ಮ ಮಾಡುತ್ತಿದ್ದ ಪಾತ್ರೆಯಲ್ಲಿ ಮೂಲಂಗಿ ಸೊಪ್ಪು ಇಲ್ಲದ ಗುರುವಾರವೇ ಇರಲಿಲ್ಲ. ಈ ಮನೆಯ ಒಂಬತ್ತರಲ್ಲಿ ಅವಳದೊಂದು ಎಲೆಯೂ ಇಲ್ಲವಲ್ಲ ಎಂದು ಒಂದು ಹಿಡಿಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು, ನೀನು ತಟ್ಟೆಯ ಕಡೆ ತಿರುಗಿದಾಗ ಪಾತ್ರೆಗೆ ಹಾಕಿದೆ. ಹೆಚ್ಚಬೇಕೆಂಬುದೂ ಗೊತ್ತಿರಲಿಲ್ಲ ನನಗೆ. ನಿನ್ನಮ್ಮ ದಂಟು ಎತ್ತಿದಾಗ ಹೇಳಬೇಕಿತ್ತು. ಊರಿಗೆಲ್ಲ ಕಥೆ ಹೇಳುವ ಈ ಬಾಯಿ ಅವತ್ತು ಒಂದೇ ದಿನ ಕಟ್ಟಿಹೋಯಿತು. ಹೋದ ಭಾನುವಾರ ಕಾಫಿಯ ಹೊತ್ತಿಗೆ ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ನಕ್ಕಳು. ‘ಹೋಗೋ ತೋಲ್, ಅವಳನ್ನ ಕರೆಸೋಕೆ ಹೊಸ ಕಥೆ ಕಟ್ಟಿದ್ಯಾ? ಹೋದ ವರ್ಷ ಮದಾಮ್ ಹಾಕಿದ್ಲು ಅಂದೆ, ಈ ವರ್ಷ ನೀನು ಹಾಕಿದೆ ಅಂತೀಯ, ಮುಂದಿನ ವರ್ಷ ಪೋಪ್ ಬಂದು ಹಾಕಿದ್ರು ಅಂತೀಯ’ ಎಂದಳು. ನಕ್ಕಮೇಲೆ ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ನಾನು ಬಾಯಲ್ಲಿ ಹೇಳಿದ್ದನ್ನು ಅವಳು ನಂಬುವುದಿಲ್ಲ, ಬರೆದದ್ದನ್ನು ನಂಬುತ್ತಾಳೆ. ಅದಕ್ಕೇ ಇದು. ನಾನೇ ಕೊಟ್ಟರೆ ಓದದೆ ಒಲೆಗೆ ಹಾಕುತ್ತಾಳೆ, ನೀನು ನಿನ್ನ ಕೈಯಾರೆ ತಂದು ಅವಳ ಕೈಗಿಡಬೇಕು. ಪವಿತ್ರ ವಾರದ ಮಂಗಳವಾರ ರೈಲು ಹಿಡಿದರೆ ಬುಧವಾರ ಇಲ್ಲಿರುತ್ತೀಯ, ಸೊಪ್ಪು ತೊಳೆಯಲು ಸರಿಯಾಗಿ. ಸ್ಟೇಷನ್ನಿನಲ್ಲಿ ನಿಂತಿರುತ್ತೇನೆ, ಕೂರುವುದಿಲ್ಲ. ಗುರುವಾರ ಎಲೆ ಎಣಿಸುವ ಮೊದಲು ನನ್ನ ಕೋಟಿನ ಜೇಬನ್ನೂ ಒಂದು ಸಲ ನೋಡಿಬಿಡು.