ಖಂಡೇಪೂಜೆಯ ದಿನ ಮಲಗಿದ್ದ ನನ್ನ ಮೇಲ್ ಯಂತ್ರ

ಮೆಣಸಿನಕಾಯಿ ಮೇಳದ ಮಳಿಗೆ ಹಂಚುವ ಮಾನ್ಯ ಅಧಿಕಾರಿಗಳೇ,

ಹಾವೇರಿಯ ಮೇಳದಲ್ಲಿ ಮುಂಬಾಗಿಲಿನ ಮಳಿಗೆ ನನ್ನದಾಗಬೇಕಿತ್ತು. ನೀವು ಅದನ್ನು ನನ್ನ ಎದುರುಮನೆಯ ತೌಸಿಫ್‌ಗೆ ಕೊಟ್ಟಿದ್ದೀರಿ. ಮುಚ್ಚಿಡುವುದೇನು, ನನಗೆ ಹೊಟ್ಟೆಕಿಚ್ಚು. ಇಬ್ಬರೂ ಬ್ಯಾಡಗಿಯಲ್ಲಿ ಖಾರದ ಗಿರಣಿ ನಡೆಸುವವರು.

ನನ್ನ ಅಪರಾಧವಿಷ್ಟೇ: ಇಮೇಲನ್ನು ಮನೆಯಲ್ಲೇ ಇಟ್ಟುಕೊಂಡಿದ್ದೇನೆ. ದೊಡ್ಡ ಕಂಪನಿಯ ಪುಕ್ಕಟೆ ಖಾತೆ ಬೇಡವೆಂದು, ಇನ್ವರ್ಟರ್ ಪಕ್ಕ ಒಂದು ಪುಟ್ಟ ಕಂಪ್ಯೂಟರ್ ಕೂರಿಸಿ, ಬರುವ ಹೋಗುವ ಮೇಲನ್ನೆಲ್ಲ ಅದರಿಂದಲೇ ನಡೆಸುತ್ತೇನೆ. ಗಿರಾಕಿಗಳೊಂದಿಗಿನ ನನ್ನ ಮಾತು ಕಂಡವರ ಮನೆಯಲ್ಲಿ ಯಾಕಿರಬೇಕು? ಕಷ್ಟವಿಲ್ಲವೆಂದಲ್ಲ. ಕರೆಂಟ್ ಹೋದರೆ ಇನ್ವರ್ಟರ್ ಎಷ್ಟು ಹೊತ್ತು ತಾಳೀತೆಂದು ಕಾಯುತ್ತ ಕೂರಬೇಕು. ಕಳಿಸಿದ್ದು ಎಷ್ಟೋ ಸಲ ಗಿರಾಕಿಯ ಸ್ಪ್ಯಾಮ್ ಕಸಕ್ಕೆ ಬೀಳುತ್ತದೆ. ತೌಸಿಫ್ ಮಾತ್ರ ಪುಕ್ಕಟೆ ಖಾತೆ ನಂಬಿ ಹಾಯಾಗಿ ಮಲಗುತ್ತಾನೆ. ಅವನ ಆ ನಿದ್ದೆಯ ಮೇಲೂ ನನಗೆ ಕಣ್ಣು.

ಖಂಡೇಪೂಜೆಯ ದಿನ, ಅಂದರೆ ಆಯುಧಪೂಜೆಯಂದು, ಗಿರಣಿ, ತಕ್ಕಡಿ, ಬೈಕುಗಳಿಗೆ ವಿಭೂತಿ ಬಳಿದ ನನ್ನವ್ವ ಭರಮವ್ವ ಕಂಪ್ಯೂಟರ್ ಮುಂದೆ ನಿಂತಳು. "ಇದೂ ಹಗಲೂ ರಾತ್ರಿ ದುಡೀತೈತಿ. ವರ್ಷಕ್ಕೊಂದಿನ ಮಲಗ್ಲಿ ಬಿಡಪಾ" ಎಂದಳು. ಪೂಜೆಗಿಟ್ಟದ್ದನ್ನು ಮರುದಿನ ಬನ್ನಿ ಹಂಚುವತನಕ ನಮ್ಮಲ್ಲಿ ಮುಟ್ಟುವುದಿಲ್ಲ. ಯಂತ್ರವನ್ನು ಆರಿಸಿಬಿಟ್ಟೆ.

ನಿಮ್ಮ ಮೇಲ್ ಬಂದದ್ದು ಅದೇ ಸಂಜೆ. ಮಳಿಗೆ ಬೇಕಿದ್ದರೆ ನಾಳೆ ಮಧ್ಯಾಹ್ನದೊಳಗೆ ಒಪ್ಪಿಗೆ ಕೊಡಬೇಕಂತೆ! ಹಬ್ಬದ ರಜೆಯಲ್ಲೂ ನಿಮ್ಮದು ಎಂಥ ಚುರುಕು! ಹೀಗೆ ಯಂತ್ರ ಮಲಗಿ ಬಾಗಿಲು ಮುಚ್ಚಿದ್ದರೆ ಉಳಿದವರ ಮೇಲ್ ಯಂತ್ರಗಳು ಮತ್ತೆ ಮತ್ತೆ ಬಂದು ತಟ್ಟುತ್ತವೆ. ನಿಮ್ಮದು ಒಮ್ಮೆ ತಟ್ಟಿ ಮನೆಗೆ ಹೋಯಿತು. ಆಮೇಲೆ ವಿಚಾರಿಸಿದಾಗ ನಿಮ್ಮ ಗುಮಾಸ್ತರು, "ಮೇಲ್ ವಾಪಸ್ ಬಂತ್ರಿ. ನಿಮಗ ಬ್ಯಾಡ ಅಂತ ತಿಳಕೊಂಡು ಪಟ್ಟಿಯೊಳಗ ಮುಂದಿನವ್ರಿಗೆ ಕೊಟ್ವಿ" ಎಂದರು. ಅರ್ಜಿಯಲ್ಲಿ ಬರೆಸಿಕೊಂಡ ನನ್ನ ಫೋನ್ ನಂಬರು ಬರೀ ಅಲಂಕಾರಕ್ಕೇ?

ಮರುದಿನ ಸಂಜೆ ತೌಸಿಫ್ ಬನ್ನಿ ಕೊಡಲು ಬಂದ. "ಬನ್ನಿ ತಗೊಂಡು ಬಂಗಾರದಂಗ ಇರೋಣು, ಶಂಭಣ್ಣಾ. ಮುಂಬಾಗಿಲ ಮಳಿಗಿ ನನಗ ಸಿಕ್ತು!" ನಗುತ್ತಲೇ ಬನ್ನಿ ತೆಗೆದುಕೊಂಡೆ. ನಡೆದದ್ದು ತಿಳಿದಾಗ ಅವನು ಇನ್ನೂ ಕೆಟ್ಟ ಕೆಲಸ ಮಾಡಿದ. "ಅರ್ಧ ಮಳಿಗಿ ನಿಂದ ತಿಳಿ, ಅಣ್ಣಾ" ಎಂದ.

ಆದ್ದರಿಂದ ನನ್ನ ಬೇಡಿಕೆ: ಅವನ ಮಳಿಗೆ ಕಿತ್ತುಕೊಳ್ಳಬೇಡಿ. ಅವನ ಎದುರಿಗೇ ನನಗೊಂದು ಕೊಡಿ. ಇನ್ನು ಮುಂದೆ ಮೇಲ್ ಹಿಂದಿರುಗಿದರೆ ಒಮ್ಮೆ ಫೋನ್ ಮಾಡಿ. ಉತ್ತರವನ್ನು ನನ್ನ ಮನೆಯ ಮೇಲಿಗೇ ಕಳಿಸಿ, ಯಂತ್ರ ಎದ್ದಿದೆ. ತೌಸಿಫ್‌ನ ಖಾತೆಗಂತೂ ಕಳಿಸಲೇಬೇಡಿ. ಅವನು ಓದಿ, ನನಗಿಂತ ಮೊದಲೇ ನನಗಾಗಿ ಸಂತೋಷಪಡುತ್ತಾನೆ. ಅದನ್ನು ನಾನು ಸಹಿಸಲಾರೆ.

ಇಂತಿ,
ಯಂತ್ರವನ್ನು ಮಲಗಿಸಿ ತನ್ನ ನಿದ್ದೆ ಕಳೆದುಕೊಂಡ
ಶಂಭುಲಿಂಗ, ಬ್ಯಾಡಗಿ