ಅಮರೇಶನ ದನಿಯಿರುವ ಖಾತೆ

ವೈಶಾಖದ ಅರವತ್ತೊಂದನೆಯ ದಿನ, 2197
ಗಣಿಯೂರು, ಒಂಬತ್ತನೆಯ ಅಂತಸ್ತು

ಹಿರಿಯಜ್ಜಿ ದಾನೇಶ್ವರಿ ಅವರಿಗೆ ನಮಸ್ಕಾರ.

ಹತ್ತೊಂಬತ್ತರ ಹುಡುಗಿಯನ್ನು ಅಜ್ಜಿ ಎಂದು ಕರೆದರೆ ನಿಮಗೆ ಸಿಟ್ಟು ಬರಬಹುದು, ಕ್ಷಮಿಸಿ. ನಾನು ನಿಮ್ಮಿಂದ ಏಳನೆಯ ತಲೆಮಾರಿನವಳು, ಬೇರೆ ಏನೆಂದು ಕರೆಯಬೇಕೋ ತಿಳಿಯದು. ತಾರೀಖು ನೋಡಿಯೂ ಗಾಬರಿಯಾಗಬೇಡಿ. ಬೇಸಿಗೆ ಬೆಳೆದಷ್ಟೂ ನಮ್ಮ ಪಂಚಾಂಗದವರು ವೈಶಾಖವನ್ನೇ ಎಳೆಯುತ್ತ ಹೋದರು. ಕೆಲವು ಪದಗಳು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹಿಂದಂಚೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ, ಮನೆಗೊಂದೇ ಕಾಗದ ಒಯ್ಯುತ್ತದೆ. ಅದೂ ನೂರೈವತ್ತು ವರ್ಷಕ್ಕಿಂತ ಹಿಂದಿನವರಿಗೆ ಮಾತ್ರ. ಇಲ್ಲದಿದ್ದರೆ ನಿಮಗೇಕೆ ತೊಂದರೆ ಕೊಡುತ್ತಿದ್ದೆ? ನನ್ನ ತಮ್ಮ ಅಮರೇಶನಿಗೇ ಬರೆದು, ಆ ಮಂಗಳವಾರ ಸುರಂಗಕ್ಕೆ ಇಳಿಯಬೇಡವೋ ಎನ್ನುತ್ತಿದ್ದೆ.

ನಾವು ಹಳೆಯ ಚಿನ್ನದ ಗಣಿಯೊಳಗೆ ವಾಸವಾಗಿದ್ದೇವೆ. ಮೇಲಿನ ನೆಲ ಕಾಲಿಡಲಾಗದಷ್ಟು ಸುಡುತ್ತದೆ. ಜೋಳ ದೀಪದ ಕೆಳಗೆ ಬೆಳೆಯುತ್ತದೆ. ರೊಟ್ಟಿ ಬಡಿಯುವ ಸದ್ದು ಮಾತ್ರ ನಿಮ್ಮ ಕಾಲದ್ದೇ ಇರಬೇಕು. ಬೆಳಗ್ಗೆ ಮಕ್ಕಳನ್ನು ಗಾಳಿಗೂಡಿಗೆ, ಅಂದರೆ ಪಂಪಿನಿಂದ ಹೊಸ ಗಾಳಿ ಬರುವ ಕೋಣೆಗೆ, ಕರೆದೊಯ್ದು ಸಾಲಾಗಿ ಕೂರಿಸುತ್ತೇವೆ. ನಮ್ಮ ಪಾಲಿನ ಬಿಸಿಲು, ಅಂಗಳ, ಬೇವಿನ ಮರ ಎಲ್ಲ ಇರುವುದು ನೀವು ಹನ್ನೊಂದನೆಯ ವಯಸ್ಸಿನಲ್ಲಿ ಆಡಲು ಶುರುಮಾಡಿದ ಆ ಊರು ಕಟ್ಟುವ ಆನ್‌ಲೈನ್ ಆಟದೊಳಗೆ. ಅದಕ್ಕಾಗಿ ನಿಮ್ಮವ್ವನಿಂದ ಎಷ್ಟು ಬೈಸಿಕೊಂಡಿದ್ದಿರೋ; ನಿಮ್ಮ ಖಾತೆ ಮಾತ್ರ ಮನೆಯವರ ಕೈಯಿಂದ ಕೈಗೆ ದಾಟಿ ನಮ್ಮವರೆಗೂ ಬಂತು. ಅಮರೇಶ ದಿನವೂ ಸುರಂಗದಿಂದ ಅದರ ಮೂಲಕವೇ ಅವ್ವನಿಗೆ ದನಿಯೋಲೆ ಕಳಿಸುತ್ತಿದ್ದ. ಮಣ್ಣು ಕುಸಿದು ಅವನು ಹೋದ ಮೇಲೆ ಅವ್ವನಿಗೆ ಉಳಿದದ್ದು ಆ ದನಿ. ಅದರ ನಕಲು ಬೇರೆಲ್ಲಿಯೂ ಇಲ್ಲ. ನಾಳೆ ಮಾಡಿದರಾಯಿತು ಎನ್ನುತ್ತಲೇ ಇದ್ದೆ, ಮಾಡಲಿಲ್ಲ.

ಕಳೆದ ವರ್ಷ ಆಟದೊಳಗೆ ಯಾರೋ ಒಬ್ಬ ಅವ್ವನನ್ನು ಮಾತಾಡಿಸಿದ. ‘ಯವ್ವಾ, ನಾ ಅಮರೇಶನ ಗೆಳೆಯಾ ಅದೀನಿ. ನಿನಗೊಂದು ನಂಬರ್ ಬರ್ತದ, ಹೇಳಿಬಿಡು, ಅವನ ದನಿ ಕೆಡದಂಗ ತೆಗೆದಿಡ್ತೀನಿ.’ ಇಲ್ಲಿ ಹತ್ತು ಸೀಮೆಯ ಜನ ಸೇರಿ ಎಲ್ಲರ ನುಡಿಯೂ ಕಲಸಿಹೋಗಿದೆ. ನಮ್ಮ ಕಡೆಯ ಮಾತು ಕಿವಿಗೆ ಬಿದ್ದದ್ದೇ ತಡ, ಅವ್ವ ಕರಗಿಹೋದಳು. ಆರಂಕಿಯ ಸಂಖ್ಯೆ ಹೇಳಿಬಿಟ್ಟಳು. ಒಂದು ರೊಟ್ಟಿ ಬೇಯುವಷ್ಟರಲ್ಲಿ ಪಾಸ್‌ವರ್ಡ್, ಇಮೇಲ್ ಎಲ್ಲ ಬದಲಾಗಿದ್ದವು. ‘ನಮ್ಮ ಕಡಿ ಹುಡುಗ ಅಂದ್ಕೊಂಡೆ’ ಎಂದು ಈಗಲೂ ಗೋಡೆಗೆ ಹೇಳುತ್ತಿರುತ್ತಾಳೆ. ಮೊದಮೊದಲು ನಾನು ಬೈದೆ. ಈಗ ಬೈಯಲೂ ಬಾಯಿ ಬರುವುದಿಲ್ಲ.

ಖಾತೆ ಮರಳಿಸುವ ಕಚೇರಿಯವರಿಗೆ ಎರಡರಲ್ಲಿ ಒಂದು ಬೇಕು: ನಿಮಗೆ ಕೊಟ್ಟಿದ್ದ ಬ್ಯಾಕಪ್ ಕೋಡ್, ಇಲ್ಲವೇ ಖಾತೆ ತೆರೆಯುವಾಗ ನೀವು ತುಂಬಿದ ಹುಟ್ಟಿದ ದಿನಾಂಕ. ಕೋಡ್ ಎಲ್ಲಿ ಬರೆದಿಟ್ಟಿರೋ ದೇವರೇ ಬಲ್ಲ. ದಿನಾಂಕ ಗೊತ್ತಿದೆಯಲ್ಲ ಎಂದು ಹಿಗ್ಗಿ ನಿಮ್ಮ ನಿಜವಾದ ದಿನಾಂಕ ಕೊಟ್ಟೆ. ತಪ್ಪು ಎಂದರು. ಹದಿಮೂರು ತುಂಬದವರಿಗೆ ಖಾತೆಯಿಲ್ಲವೆಂದು ಸುಳ್ಳು ತುಂಬಿದ್ದಿರಲ್ಲವೇ ತಾಯಿ? ನಿಮ್ಮ ಅಕ್ಕನದು ಕೊಟ್ಟೆ. ಅದೂ ತಪ್ಪು. ಇನ್ನು ಒಂದೇ ಅವಕಾಶವಿದೆ. ಹನ್ನೊಂದು ದಿನ ಕಳೆದರೆ ವರ್ಷ ತುಂಬಿ ಖಾತೆ ಆ ಕಳ್ಳನದೇ ಆಗುತ್ತದೆ, ಹಳೆಯ ದನಿಯೋಲೆಗಳೆಲ್ಲ ತಾವಾಗಿ ಅಳಿದುಹೋಗುತ್ತವೆ. ಅವ್ವ ಊಟ ಬಿಟ್ಟು ನಾಲ್ಕು ದಿನವಾಯಿತು.

ಒಂದು ಉಪಕಾರ ಮಾಡಿ. ನಿಮ್ಮ ಕಾಗದ, ಫೋನು ಯಾವುದೂ ನಮ್ಮವರೆಗೆ ಉಳಿದಿಲ್ಲ. ನಿಮ್ಮ ಹೆಸರು ಕೆತ್ತಿದ ಸ್ಟೀಲ್ ತಂಬಿಗೆಯೊಂದು ಉಳಿದಿದೆ. ಮುಂದೆ ನಿಮ್ಮ ಮದುವೆಗೆಂದು ನಿಮ್ಮವ್ವ ಅದನ್ನು ಕೊಳ್ಳುವ ದಿನ ಪಾತ್ರೆ ಅಂಗಡಿಗೆ ನೀವೂ ಹೋಗಿ. ಅಂಗಡಿಯವನು ಹೆಸರು ಕೆತ್ತಿ ಮುಗಿಸಿದ ಮೇಲೆ, ತಳದಲ್ಲಿ ಆ ಸುಳ್ಳು ದಿನಾಂಕವನ್ನೂ ಕೆತ್ತಿಸಿ. ಯಾಕೆಂದು ಕೇಳಿದರೆ ಏನಾದರೊಂದು ಹೇಳಿ, ಸುಳ್ಳು ನಿಮಗೇನೂ ಹೊಸದಲ್ಲ. ಮತ್ತೆ, ಎಷ್ಟೇ ನಮ್ಮವರಂತೆ ಮಾತಾಡಿದರೂ ಆ ಆರಂಕಿಯ ಸಂಖ್ಯೆಯನ್ನು ಯಾರಿಗೂ ಹೇಳಬಾರದೆಂದು ನಿಮ್ಮ ಮಕ್ಕಳಿಗೆ ಕಲಿಸಿ. ಅವರು ತಮ್ಮ ಮಕ್ಕಳಿಗೆ ಕಲಿಸಲಿ.

ಇಷ್ಟು ಬರೆದು ತಂಬಿಗೆ ಬೋರಲು ಹಾಕಿ ದೀಪಕ್ಕೆ ಹಿಡಿದು ನೋಡಿದೆ. ತಳದಲ್ಲಿ ಬೂದಿ ಹಚ್ಚಿ ತಿಕ್ಕಿದ ಗೀರುಗಳಿವೆ, ಇನ್ನೇನೂ ಇಲ್ಲ. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

‘ಏನರ ಅದ ಏನ ಹುಲಿಗೆವ್ವಾ?’ ಎಂದಳು.

‘ಕಾಗದ ಇನ್ನಾ ಅಂಚೆಗೆ ಹಾಕಿಲ್ಲಬೇ’ ಎಂದೆ.

ನಿಮ್ಮ
ಹುಲಿಗೆಮ್ಮ