ಟೆಸ್ಟಿಗೆ ನೀನು ಬರಬೇಡ

ಅಣ್ಣಾ,

ಡ್ರೈವಿಂಗ್ ಟೆಸ್ಟಿಗೆ ಹೊರಟಿದ್ದೇನೆ. ನಿನ್ನ ಹೆಂಡತಿ, ನನ್ನ ವೈನಿ, ಸ್ಕೂಟಿ ಓಡಿಸುತ್ತಾರೆ, ನಾನು ಹಿಂದೆ ಕೂಡುತ್ತೇನೆ. ನೀನು ಮಾತ್ರ ಬರಬೇಡ.

ಹೋದ ಸಲ ನಾನು ಗಾಡಿಯಲ್ಲಿ ಎಂಟರ ಆಕಾರ ಹಾಕುವಾಗ ನೀನು ಬೇಲಿಯಾಚೆಯಿಂದ "ಹೆದರಬ್ಯಾಡ ತಂಗಿ, ಕಾಲ್ ಊರಬ್ಯಾಡ!" ಎಂದು ಕೂಗಿದೆ. ಎಲ್ಲರೂ ತಿರುಗಿ ನೋಡಿದರು, ನಾನು ಕಾಲು ಊರಿ ಫೇಲಾದೆ. ಸಿಟ್ಟಿಲ್ಲ, ನಾಚಿಕೆ ಅಷ್ಟೆ.

ಏಜೆಂಟನಿಗೂ ಬೇಡವೆಂದು ಫೋನ್ ಮಾಡು. "ಗಾಡಿ ಹತ್ತೂದೂ ಬ್ಯಾಡಂತ, ನಿನ್ನ ಸಹಿ ಒಂದಽ ಸಾಕಂತ" ಎಂದು ಹಿಗ್ಗಿದೆಯಲ್ಲ, ಅಂಥ ಲೈಸನ್ಸ್ ಹಿಡಿದು ಮಾದಾಪುರದ ಟ್ರಾಫಿಕ್ಕಿಗೆ ಇಳಿಯಲು ನನಗೆ ಧೈರ್ಯವಿಲ್ಲ.

ರೊಟ್ಟಿ ಡಬ್ಬಿಯಲ್ಲಿವೆ. ಪುಂಡಿಪಲ್ಯ ಬಿಸಿ ಮಾಡಿಕೋ.

ಅವ್ವನಿಗೆ ಈಗಲೇ ಏನೂ ಹೇಳಬೇಡ. ಪಾಸಾದರೆ ನಾನೇ ಹೇಳುತ್ತೇನೆ. ಆಗದಿದ್ದರೆ ಮುಂದಿನ ಸಲವೂ ನಾನೇ ಗಾಡಿ ಹತ್ತುತ್ತೇನೆ.

ವಿಜಿ